ಮುನ್ನೂರ ನಲವತ್ತೊಂದನೇ ಕಡ್ಡಿ

ನಮ್ಮೂರಿನಲ್ಲಿ ದ್ರಾಕ್ಷಿ ಕೊಯ್ಯುವವನು ಒಬ್ಬನೇ, ಹಿಡಿಯುವವರು ಮುನ್ನೂರ ನಲವತ್ತು ಮನೆಯವರು. ಕೊಯ್ಲಿನ ದಿನ ಬೆಳಿಗ್ಗೆ ಸಂಘದ ಗಂಟೆ ಬಾರಿಸುತ್ತಲೇ ಎಲ್ಲರೂ ತಂತಮ್ಮ ಹಿತ್ತಲಿನ ಬಳ್ಳಿಯ ಕೆಳಗೆ ಬುಟ್ಟಿ ಹಿಡಿದು ನಿಲ್ಲುತ್ತಾರೆ. ನಾನು ಸಂಘದ ತೋಟದ ತಾಯಿಬಳ್ಳಿಯಿಂದ ಒಂದು ಗೊನೆ ಕತ್ತರಿಸುತ್ತೇನೆ. ಆ ಬಳ್ಳಿಯ ಕಡ್ಡಿಗಳಿಂದ ಬೆಳೆದ ಮುನ್ನೂರ ನಲವತ್ತು ಬಳ್ಳಿಗಳಿಂದಲೂ ಅದೇ ಗೊನೆ ಕಳಚಿ ಬೀಳುತ್ತದೆ. ಬುಟ್ಟಿ ನೆಟ್ಟಗೆ ಹಿಡಿಯದವರ ತಲೆಯ ಮೇಲೆ ಬೀಳುತ್ತದೆ. ಹಾಗಾಗಿ ನಮ್ಮೂರಿನಲ್ಲಿ ಸೋಮಾರಿಗಳನ್ನು ಗುರುತಿಸುವುದು ಸುಲಭ. ಆ ವಾರವಿಡೀ ಅವರ ಕೂದಲು ಅಂಟಂಟಾಗಿರುತ್ತದೆ.

ಒಂದು ಬಳ್ಳಿಗೆ ಮಾಡಿದ್ದು ಎಲ್ಲ ಬಳ್ಳಿಗೂ ಆಗುತ್ತದೆ, ಅಷ್ಟೇ. ಒಂದಕ್ಕೆ ನೀರು ಹಾಕಿದರೆ ಎಲ್ಲದರ ಬೇರೂ ತೇವ. ಇದರಿಂದ ಊರಿಗೆ ಬಹಳ ಅನುಕೂಲವಾಗಬೇಕಿತ್ತು. ಆದದ್ದು ಏನೆಂದರೆ, ಇನ್ನೊಬ್ಬರು ಹಾಕುತ್ತಾರೆ ಬಿಡು ಎಂದು ಯಾರೂ ನೀರು ಹಾಕದೆ ಒಂದು ಬೇಸಿಗೆಯಲ್ಲಿ ಊರಿನ ಬಳ್ಳಿಯೆಲ್ಲ ಒಣಗಿತು. ಮರುವರ್ಷ ಯಾರೂ ಹಾಕಲಿಕ್ಕಿಲ್ಲ ಎಂದು ಎಲ್ಲರೂ ಹಾಕಿ ಬಳ್ಳಿಯೆಲ್ಲ ಕೊಳೆಯಿತು. ಆಗ ಸಂಘ ಹುಟ್ಟಿತು. ಸಂಘದ ಮೊದಲನೇ ಠರಾವು: ಬಳ್ಳಿಗೆ ಯಾರೂ ಏನೂ ಮಾಡಬಾರದು. ಎರಡನೇ ಠರಾವು: ಮಾಡುವುದನ್ನೆಲ್ಲ ಒಬ್ಬನೇ ಮಾಡಬೇಕು. ಆ ಒಬ್ಬ ನಾನು. ಜನ ನನ್ನನ್ನು ಕಡ್ಡಿ ಮಾಸ್ತರ ಎನ್ನುತ್ತಾರೆ. ಕಡ್ಡಿ ಮುರಿದ ಹಾಗೆ ಮಾತಾಡುವವನಿರಬೇಕೆಂದು ಹೊಸಬರು ಹೆದರುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಯಾವುದೂ ಅಷ್ಟು ಸ್ಪಷ್ಟವಿಲ್ಲ, ಮುರಿಯುವುದಷ್ಟೇ ಗೊತ್ತು.

ಹೊರಗಿನವರು ನಮ್ಮೂರನ್ನು ನೆನೆಯುವುದು ನೊರೆವೈನಿಗಾಗಿ. ಬೂಚು ತೆಗೆದರೆ ಪಟಾಕಿಯಂತೆ ಸದ್ದಾಗಿ ಉಕ್ಕುವ ವೈನು ಅದು. ಅದಕ್ಕೆ ಬೇಕಾದದ್ದು ಹುಳಿ. ಪೂರ್ತಿ ಹಣ್ಣಾದ ದ್ರಾಕ್ಷಿಯ ವೈನಿನಲ್ಲಿ ಗುಳ್ಳೆ ಎದ್ದರೂ ನಾಲಿಗೆ ಏಳುವುದಿಲ್ಲ, ಶರಬತ್ತು ಕುಡಿದ ಹಾಗಿರುತ್ತದೆ ಎನ್ನುತ್ತಾರೆ. ಆದ್ದರಿಂದ ಸಿಹಿ ತುಂಬುವ ಮೊದಲೇ ಕೊಯ್ಯಬೇಕು, ಎಷ್ಟು ಬಿಸಿಲು ಬಿದ್ದರೂ ಹುಳಿಯ ಹಟ ಬಿಡದ ಬಳ್ಳಿಯನ್ನೇ ಆರಿಸಬೇಕು. ಸಂಘದ ತೋಟದಲ್ಲಿ ಅರವತ್ತು ಬಗೆಯ ಬಳ್ಳಿಗಳಿವೆ. ಆರು ವರ್ಷ ನಾನು ಸಾಲಿನಿಂದ ಸಾಲಿಗೆ ಕಾಯಿ ಕಚ್ಚುತ್ತ, ಉಗಿಯುತ್ತ, ಬರೆದುಕೊಳ್ಳುತ್ತ ಓಡಾಡಿದೆ. ಹನ್ನೊಂದನೇ ಸಾಲಿನ ಮೂಲೆಯ ಬಳ್ಳಿಯ ಕಾಯಿ ಕಚ್ಚಿದ ದಿನ ನನ್ನ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು. ಸಂಜೆಯತನಕ ತೆರೆಯಲಿಲ್ಲ. ಸಂಘದ ಅಧ್ಯಕ್ಷ ಈರಸಂಗಪ್ಪ ತೋಟಕ್ಕೆ ಬಂದವರು ನನ್ನನ್ನು ನೋಡಿ ನಿಂತರು.

“ಏನ್ ಮಾಸ್ತರ, ಕಣ್ಣು ಹೊಡ್ಯಾಕ ಊರಾಗ ನಾನೇ ಸಿಕ್ಕೆನೇನು?”

“ಬಳ್ಳಿ ಸಿಕ್ತ್ರಿ,” ಎಂದೆ.

ಆ ಆರು ವರ್ಷದಲ್ಲಿ ನನ್ನ ನಾಲಿಗೆಗೆ ಒಂದು ಚಟ ಅಂಟಿತ್ತು. ಬಾಯಿಗೆ ಇಟ್ಟದ್ದಕ್ಕೆಲ್ಲ ಅಂಕ ಕೊಡುವುದು. ಬಳ್ಳಿ ಸಿಕ್ಕ ಖುಷಿಗೆ ನನ್ನ ಹೆಂಡತಿ ದುಂಡವ್ವ ಎರಡು ತಾಸು ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸಿ, ತುಪ್ಪ ಸುರಿದು ಮುಂದಿಟ್ಟಳು. ನಾನು ಕಚ್ಚಿದೆ, ಎರಡೂ ಕಣ್ಣು ತೆರೆದೇ ಇರುವುದನ್ನು ಗಮನಿಸಿದೆ, “ಹುಳಿ ಸಾಲದು” ಎಂದೆ.

ದುಂಡವ್ವ ತಟ್ಟೆಯನ್ನು ನನ್ನ ಮುಂದಿನಿಂದ ಎಳೆದುಕೊಂಡಳು. “ಆರು ವರ್ಷ ನೀವು ಬಳ್ಳಿ ನೋಡಿದ್ರಿ, ನಾ ನಿಮ್ಮ ಬೆನ್ನು ನೋಡಿದೆ. ನಿಮ್ಮ ನಾಲಗಿ ರಿಪೇರಿ ಆದಮ್ಯಾಲೆ ಹೇಳಿ ಕಳಸ್ರಿ, ಬರ್ತೀನಿ,” ಎಂದು ಹಳ್ಳದಾಚೆ ಅಣ್ಣನ ಮನೆಗೆ ಹೋದಳು. ಅಣ್ಣನದು ಇಟ್ಟಂಗಿ ಭಟ್ಟಿ. ಬಳ್ಳಿ, ಸಂಘ, ನೊರೆ ಯಾವುದರ ಸಂಬಂಧವೂ ಇಲ್ಲದ ಮನುಷ್ಯ.

ಹನ್ನೊಂದನೇ ಸಾಲಿನ ಬಳ್ಳಿಯೇ ಹೊಸ ತಾಯಿಬಳ್ಳಿಯಾಯಿತು. ಆ ಚಳಿಗಾಲದಲ್ಲೇ ನಾನು ಅದರ ಚಾಟ್ನಿಗೆ, ಎಂದರೆ ಕಡ್ಡಿ ಸವರಲು, ನಿಂತೆ. ಕಳೆದ ವರ್ಷದ ಚಿಗುರು ಬಲಿತು ಪೆನ್ಸಿಲ್ ದಪ್ಪ ಬಂದಿರಬೇಕು, ಅಂಥದ್ದನ್ನು ಚಿಗುರೊಡೆಯುವ ನಾಲ್ಕು ನಾಲ್ಕು ಕಣ್ಣಿಗೆ ಒಂದರಂತೆ ತುಂಡು ಮಾಡಬೇಕು. ಬುಡ ಓರೆ, ತುದಿ ನೆಟ್ಟಗೆ ಕತ್ತರಿಸಬೇಕು, ಇಲ್ಲದಿದ್ದರೆ ನೆಡುವಾಗ ತಲೆ ಯಾವುದು ಕಾಲು ಯಾವುದು ತಿಳಿಯದೆ ತಲೆಕೆಳಗಾಗುತ್ತದೆ. ಕಡ್ಡಿಗೆ ನಾಲ್ಕು ಕಣ್ಣು, ನನಗೆ ಎರಡು, ಆದ್ದರಿಂದ ಗೊಂದಲ ಯಾವಾಗಲೂ ನನ್ನದೇ. ಕತ್ತರಿಸುವಾಗ ಒಳ್ಳೆಯ ಕಡ್ಡಿ ಸಿಕ್ಕರೆ, ಬಡಿಗ ಪೆನ್ಸಿಲ್ ಇಟ್ಟುಕೊಳ್ಳುವ ಹಾಗೆ ಬಲಗಿವಿಯ ಸಂದಿಗೆ ಸಿಕ್ಕಿಸಿಕೊಳ್ಳುವುದು ನನ್ನ ರೂಢಿ. ಆಮೇಲೆ ಅದನ್ನು ಮರೆಯುವುದೂ ರೂಢಿಯೇ. ಮುನ್ನೂರ ನಲವತ್ತೊಂದು ಕಡ್ಡಿ ಕತ್ತರಿಸಿದೆನೆಂದು ಬರೆದುಕೊಂಡಿದ್ದೆ. ಒದ್ದೆ ಮರಳಿನಲ್ಲಿ ಹೂತು, ಬೇರು ಬಿಟ್ಟ ಮೇಲೆ ಹಳೆಯ ಬಳ್ಳಿಯ ಬದಲಿಗೆ ಮನೆಗೊಂದರಂತೆ ಹಂಚಿದಾಗ ಮುನ್ನೂರ ನಲವತ್ತೇ ಇದ್ದವು. ಮನೆಗಳೂ ಅಷ್ಟೇ ಇದ್ದವು. ಎಣಿಕೆ ತಪ್ಪಿರಬೇಕು ಎಂದುಕೊಂಡೆ.

ಚಾಟ್ನಿಯ ದಿನ ಸಂಜೆ, ತೋಟದಿಂದ ನೇರವಾಗಿ ಹಳ್ಳ ದಾಟಿ ಹೆಂಡತಿಯನ್ನು ಕರೆಯಲು ಹೋಗಿದ್ದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದ ಮಾತು ಬಾಗಿಲಲ್ಲಿ ಬಿಚ್ಚಿಕೊಂಡಿತು. ದುಂಡವ್ವ ನನ್ನನ್ನೇ ನೋಡಿದಳು, ನನ್ನ ಮುಖದ ಹತ್ತಿರ ಕೈ ತಂದಳು. ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ. ಕಣ್ಣು ಬಿಡುವಷ್ಟರಲ್ಲಿ ಬಾಗಿಲು ಹಾಕಿತ್ತು. ಅದು ಕನಿಕರದಿಂದ ಹೊಡೆಯದೆ ಬಿಟ್ಟದ್ದೋ, ಹೊಡೆಯುವಷ್ಟೂ ನಾನು ಬೇಕಾಗಿಲ್ಲವೋ ಎಂದು ಮೂರು ವರ್ಷ ಯೋಚಿಸಿದೆ.

ಈ ವರ್ಷ ಊರಿನ ಹೊಸ ಬಳ್ಳಿಗಳು ಮೊದಲ ಸಲ ಕಾಯಿ ಕಟ್ಟಿದವು. ಕಾಯಿ ಕಟ್ಟಿದ ವರ್ಷದಿಂದಲೇ ಬಳ್ಳಿಗಳು ಒಂದಾಗುವುದು. ಅಲ್ಲಿಯವರೆಗೆ ಅವುಗಳ ಪಾಡಿಗೆ ಅವು ಇರುತ್ತವೆ, ಮದುವೆಗೆ ಮುಂಚಿನ ಹಾಗೆ. ಕಾಯಿ ಬಟಾಣಿ ಗಾತ್ರ ದಾಟಿದ ಒಂದು ಬೆಳಿಗ್ಗೆ ಪಕ್ಕದ ಮನೆಯ ತಂಗೆವ್ವ ಗೋಡೆಯ ಮೇಲಿಂದ ತಲೆ ಎತ್ತಿದಳು.

“ಮಾಸ್ತರ, ನಮ್ಮ ಬಳ್ಳ್ಯಾಗ ಒಂದು ಕಾಯಿ ಕಡಿಮಿ ಆಗೈತಿ. ನೀವೇನರ ತಿಂದ್ರೇನು?”

ನನ್ನ ಬಳ್ಳಿ ನೋಡಿದೆ. ಅದೇ ಗೊನೆ, ಅದೇ ಜಾಗ, ಒಂದು ಕಾಯಿ ಇರಲಿಲ್ಲ. ಮರುದಿನ ಇನ್ನೊಂದು. ಅದರ ಮರುದಿನ ಮತ್ತೊಂದು. ದಿನಕ್ಕೆ ಒಂದೇ ಒಂದು, ಅದೂ ಅದೇ ಗೊನೆಯಿಂದ. ಊರಿನವರು ಸ್ಟೂಲು ಹಾಕಿಕೊಂಡು ಹಿತ್ತಲಲ್ಲಿ ಕಾವಲು ಕೂತರು. ಬೆಳಿಗ್ಗೆ ಏಳರ ಸುಮಾರಿಗೆ, ಅಷ್ಟು ಜನ ನೋಡನೋಡುತ್ತಿದ್ದಂತೆಯೇ, ಯಾರೂ ಮುಟ್ಟದ ಕಾಯಿ ತೊಟ್ಟಿನಿಂದ ಟಪ್ಪನೆ ಕಳಚಿ ಅವರವರ ಕಾಲ ಬಳಿ ಬಿತ್ತು. ಯಾರೋ ಎಲ್ಲೋ ಕೀಳುತ್ತಿದ್ದರು. ಯಾರು ಎಂದು ಪ್ರತಿಯೊಬ್ಬರಿಗೂ ಗೊತ್ತಿತ್ತು, ಎಲ್ಲರಿಗೂ ಅವರವರ ಪಕ್ಕದ ಮನೆಯವರು.

ಸಂಘದ ಸಭೆ ಕರೆದರು. ಈರಸಂಗಪ್ಪ ಮೇಜು ಗುದ್ದಿದರು. “ಇವತ್ತು ಕಾಯಿ ಕಿತ್ತ ಕೈ ನಾಳೆ ಬುಡಾ ಕಿತ್ರ? ಮುನ್ನೂರ ನಲವತ್ತು ಹಿತ್ತಲಾ ಒಮ್ಮೆಲೇ ಬೋಳು! ಮಾಸ್ತರ, ಕಡ್ಡಿ ಹಂಚಿದವ್ರು ನೀವು. ಕೊಯ್ಲಿಗೆ ಇಪ್ಪತ್ತು ದಿನ ಐತಿ. ಅಷ್ಟರಾಗ ಆ ಬಳ್ಳಿ ಎಲ್ಲೈತಿ ಹುಡುಕ್ರಿ, ಇಲ್ಲಾಂದ್ರ ಕತ್ರಿ ಇಲ್ಲಿಟ್ಟು ನಡೀರಿ.”

ಮೂರು ದಿನ ಸಮಿತಿಯೊಂದು ಮನೆಮನೆ ತಪಾಸಣೆ ಮಾಡಿತು. ಠರಾವಿನಲ್ಲಿ ‘ಸದಸ್ಯರ ಮನೆ’ ಎಂದು ಬರೆದಿದ್ದರಿಂದ ಸದಸ್ಯರ ಮನೆಯನ್ನಷ್ಟೇ ನೋಡಿದರು. ಎಲ್ಲ ಮನೆಯಲ್ಲೂ ಒಂದೊಂದೇ ಬಳ್ಳಿ ಸಿಕ್ಕಿತು, ಒಟ್ಟು ಇಪ್ಪತ್ತೆರಡು ಕಪ್ ಚಹಾ ಸಿಕ್ಕಿತು.

ಉಪಾಯ ಹೇಳಿದವಳು ತಂಗೆವ್ವ. “ಎಲಿ ಮ್ಯಾಲೆ ಗೀಚಿ ಕೇಳ್ರಿ. ನಿಮ್ಮ ಎಲಿ ಮ್ಯಾಲೆ ಗೀಚಿದ್ದು ಅವರ ಎಲಿ ಮ್ಯಾಲೂ ಮೂಡಬೇಕಲ್ಲ? ನಿಮಗಂತೂ ಗೀಚಾಕ ಅಧಿಕಾರ ಐತಿ.”

ಇಷ್ಟು ಸುಲಭದ್ದು ಇಷ್ಟು ವರ್ಷ ಯಾರಿಗೂ ಯಾಕೆ ಹೊಳೆಯಲಿಲ್ಲವೋ. ಹೊಲಿಯುವ ಸೂಜಿ ತಂದು, ಆ ಗೊನೆಯ ಪಕ್ಕದ ಅಗಲ ಎಲೆಯ ಮೇಲೆ “ಯಾರು ನೀವು?” ಎಂದು ಗೀಚಿದೆ.

ಪ್ರಶ್ನೆ ಮುನ್ನೂರ ನಲವತ್ತು ಮನೆಯಲ್ಲೂ ಮೂಡುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತಂದಿರಲಿಲ್ಲ. ನೋಡುತ್ತಿದ್ದಂತೆ ಅದೇ ಎಲೆಯ ಮೇಲೆ ಬೇರೆ ಬೇರೆ ಕೈಬರಹದಲ್ಲಿ “ನಾನಲ್ಲ,” “ನಾನೂ ಅಲ್ಲ,” “ಕೇಳಾವ ನೀ ಯಾರು?” ಎಂದು ಏಳತೊಡಗಿತು. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಎಲೆಗಳಿಗೂ ಹಬ್ಬಿತು. ಯಾರೋ “ನಾಡದು ನಮ್ಮ ಮಗಳ ನಿಶ್ಚಯ, ಎಲ್ಲಾರೂ ಬರ್ರಿ” ಎಂದು ಬರೆದರು. ಅದರ ಕೆಳಗೆ ಇನ್ನಾರೋ “ಊಟಕ್ಕೋ, ಬರೇ ಚಾಕ್ಕೋ?” ಎಂದು ಕೇಳಿದರು. ಕಳೆದುಹೋದ ಕೊಡಪಾನ, ಮೊಣಕಾಲು ನೋವಿಗೆ ಎಣ್ಣೆ, ಒಬ್ಬರ ಸೊಸೆಯ ಬಗ್ಗೆ ಇನ್ನೊಬ್ಬರ ಸೊಸೆಯ ಅಭಿಪ್ರಾಯ, ಎಲ್ಲ ಎಲೆಗೆ ಬಂತು. ಎಲೆಯ ಮೇಲೆ ಯಾರೂ ಬರೆಯಕೂಡದು ಎಂಬ ಠರಾವನ್ನು ಅಧ್ಯಕ್ಷರು ಎಲೆಯ ಮೇಲೆಯೇ ಬರೆಸಿದರು. ಅದಕ್ಕೆ ಏಳು ಎಲೆ ಬೇಕಾಯಿತು, ಎಂಟನೆಯದರಲ್ಲಿ ಸಹಿ.

ಎರಡು ದಿನದಲ್ಲಿ ಎಲೆಗಳ ಅಂಚು ಸುರುಟಿ ಕಂದಾಗತೊಡಗಿತು. ಎಲೆ ಹೋದರೆ ಕಾಯಿ ತುಂಬುವುದಿಲ್ಲ. ಕಾಯಿ ತುಂಬದಿದ್ದರೆ ನೊರೆಯಿಲ್ಲ, ಊರಿಲ್ಲ, ನಾನಂತೂ ಇಲ್ಲವೇ ಇಲ್ಲ. ಆರು ವರ್ಷ ಕಚ್ಚಿ ಕಚ್ಚಿ ಹುಡುಕಿದ ಬಳ್ಳಿಯನ್ನು ಎರಡು ದಿನದಲ್ಲಿ ಒಂದು ಸೂಜಿಯಿಂದ ಕೊಂದೆನೇನೋ ಎಂದು ಮೂರನೇ ಬೆಳಿಗ್ಗೆ ಬಳ್ಳಿಯ ಕೆಳಗೆ ತಲೆಗೆ ಕೈ ಕೊಟ್ಟು ಕೂತಿದ್ದೆ. ಏಳು ಗಂಟೆಗೆ ಎಂದಿನಂತೆ ಒಂದು ಕಾಯಿ ಬಿತ್ತು. ಅದರ ಹಿಂದೆಯೇ, ನಿಶ್ಚಯಕ್ಕೂ ಮೊಣಕಾಲಿಗೂ ನಡುವೆ ಉಳಿದಿದ್ದ ಹೆಬ್ಬೆರಳಗಲ ಹಸಿರಿನಲ್ಲಿ ದುಂಡಗಿನ ಸಣ್ಣ ಅಕ್ಷರಗಳು ಒಂದೊಂದಾಗಿ ಎದ್ದವು: “ನಾ ಯಾರಂತ ನಿಮ್ಮ ಕಿವಿಗೆ ಗೊತ್ತು.”

ಆ ಹೊತ್ತು ಊರಿಗೆ ಊರೇ ಕಿವಿ ಮುಟ್ಟಿಕೊಂಡಿತು. ತಂಗೆವ್ವ ಹೋದ ವರ್ಷ ಕಳೆದ ತನ್ನ ಬೆಂಡೋಲೆಯ ಕಳ್ಳ ಸಿಕ್ಕಿದನೆಂದು ಸೆರಗು ಕಟ್ಟಿದಳು. ಅಧ್ಯಕ್ಷರು ಯಾರೋ ತಮ್ಮ ಕಿವಿ ಕಚ್ಚಿ ಚಾಡಿ ಹೇಳಿದ್ದಾರೆಂದು ಕಾರ್ಯದರ್ಶಿಯ ಕಡೆ ಗುರಾಯಿಸಿದರಂತೆ. ನಾನೂ ಕೈ ಎತ್ತಿ ಬಲಗಿವಿ ಮುಟ್ಟಿಕೊಂಡೆ. ಅಲ್ಲಿ ಒಂದು ಕಡ್ಡಿ ಇತ್ತು. ಯಾವಾಗ ಸಿಕ್ಕಿಸಿಕೊಂಡೆನೋ ನೆನಪಿರಲಿಲ್ಲ. ಅದನ್ನು ಕೈಗೆ ತೆಗೆದುಕೊಂಡು ಹಿಂದಕ್ಕೆ ಲೆಕ್ಕ ಹಾಕಿದೆ. ಮುನ್ನೂರ ನಲವತ್ತೊಂದು. ಚಾಟ್ನಿಯ ಸಂಜೆ. ಮುಖದ ಹತ್ತಿರ ಬಂದ ಕೈ. ಹಾಕಿದ ಬಾಗಿಲು.

ಹಳ್ಳ ದಾಟಿದೆ. ಭಟ್ಟಿಯ ಹಿಂದೆ ಒಡೆದ ಬಾನಿಯೊಂದರಿಂದ ಎದ್ದ ಬಳ್ಳಿ ಸೂರಿನವರೆಗೆ ಹಬ್ಬಿತ್ತು. ಅದೇ ಗೊನೆಗಳು, ಅದೇ ಗೀಚಿದ ಎಲೆಗಳು, ಅಧ್ಯಕ್ಷರ ಸಹಿಯೂ ಇತ್ತು. ದುಂಡವ್ವ ಬಟ್ಟೆ ಹಿಂಡುತ್ತಿದ್ದಳು.

“ಬಂದ್ರಲ್ಲ,” ಎಂದಳು. “ಎರಡು ದಿನದಿಂದ ನನ್ನ ಬಳ್ಳಿ ಮ್ಯಾಲೆ ಊರಮಂದಿ ಪಂಚಾಯ್ತಿ ಓದಾಕತ್ತೀನಿ. ಕಿವ್ಯಾಗ ಕಡ್ಡಿ ಇಟಗೊಂಡು ಹೆಂಡ್ತಿ ಕರ್‍ಯಾಕ ಬಂದಾವ ಲೋಕದಾಗ ನೀವೊಬ್ರೇ. ಸಿಟ್ಟು ಬಂತು, ಕಸಗೊಂಡೆ. ಒಗಿಯಾಕ ಮನಸಾಗ್ಲಿಲ್ಲ, ಬಾನ್ಯಾಗ ಚುಚ್ಚಿದೆ.”

“ದಿನಾ ಒಂದು ಕಾಯಿ ಯಾಕ ತಿಂತಿ? ಊರು ಹೊತ್ತಿ ಉರ್‍ಯಾಕತ್ತೈತಿ.”

“ಹಣ್ಣಾತೇನಂತ ನೋಡಾಕ.”

“ಅದು ಹಣ್ಣಾಗಾಕ ಇರೂ ಬಳ್ಳಿ ಅಲ್ಲ. ನೊರಿ ಬಳ್ಳಿ. ಹಣ್ಣಾದ್ರ ಕೆಡತೈತಿ.”

“ಹಣ್ಣಾದದ್ದು ತಿಂದೀರೇನು?”

ನಾನು ಬಳ್ಳಿಯ ಕಡೆ ನೋಡಿದೆ. ಆರು ವರ್ಷ ಅದರ ಹುಳಿಯನ್ನು ಅಳೆದಿದ್ದೆ, ಎಲೆ ಎಣಿಸಿದ್ದೆ, ಗೊನೆ ತೂಗಿದ್ದೆ. ತಿಂದಿರಲಿಲ್ಲ. ನಮ್ಮೂರಿನಲ್ಲಿ ಹಣ್ಣಾದ ದ್ರಾಕ್ಷಿಯನ್ನು ಯಾರೂ ತಿಂದಿರಲಿಲ್ಲ. ಆಗಲು ನಾವು ಬಿಟ್ಟಿದ್ದರೆ ತಾನೆ?

“ನಾ ಕಾಯಿ ಕಿತ್ತ ಈ ಗೊನಿ ಒಂದು ಬಿಡ್ರಿ,” ಎಂದಳು ದುಂಡವ್ವ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. “ನನ್ನ ಸಂಸಾರ ನುಂಗಿದ ಬಳ್ಳಿ ಇದು. ಹಣ್ಣಾದ್ರ ಹೆಂಗಿರತೈತಿ ನಾ ನೋಡಬೇಕು. ನೀವು ಕತ್ತರಿಸಿದ್ರ ಇಲ್ಲೂ ಬೀಳತೈತಿ. ಬಿಡ್ರಿ, ಹಣ್ಣಾದಮ್ಯಾಲೆ ನಾವಿಬ್ರೂ ಮಾತಾಡೂನು. ಕತ್ತರಿಸಿದ್ರಿ ಅಂದ್ರ ಮಾತು ಅಲ್ಲಿಗೆ ಮುಗೀತು.”

ತಿರುಗಿ ಬಂದು ಅಧ್ಯಕ್ಷರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ಬಳ್ಳಿ ಸಿಕ್ತ್ರಿ. ನಮ್ಮ ಮನಿಯಾಕಿ ಕಡೆ ಐತಿ.”

“ನಿಮ್ಮ ಮನ್ಯಾಗ ಮನಿಯಾಕೀನೇ ಇಲ್ಲಲ್ಲ?”

“ಇಲ್ರಿ. ಅದಕ್ಕ ಅಲ್ಲೈತಿ.”

ಈರಸಂಗಪ್ಪ ಠರಾವಿನ ಪುಸ್ತಕ ತಿರುವಿದರು. ಹೆಂಡತಿಯ ವಿಷಯ ಯಾವ ಠರಾವಿನಲ್ಲೂ ಬರುವುದಿಲ್ಲ. “ಬಳ್ಳಿ ಕೀಳಾಕ ಬರೂದಿಲ್ಲ, ಕಿತ್ರ ಎಲ್ಲಾ ಬರತಾವ. ಹೋಗ್ಲಿ. ಕೊಯ್ಲಿನ ದಿನ ಒಂದು ಗೊನಿನೂ ಉಳೀಬಾರ್ದು. ಆಕಿ ಕಾಯಿ ಕಿತ್ತ ಗೊನಿನೂ ಕತ್ತರಿಸಿ ಒಗೀರಿ, ಪೀಡಾ ಹೋಗ್ಲಿ. ಉಳಸಿದ್ರಿ ಅಂದ್ರ ಕತ್ರಿ ನಿಮ್ಮದಲ್ಲ.”

ಉಳಿದ ದಿನ ನನಗೆ ಎಂಥ ದ್ವಂದ್ವ ಎಂದರೆ, ತೋಟಕ್ಕೆ ಹೊರಟವನು ಭಟ್ಟಿಯ ದಾರಿ ಹಿಡಿಯುತ್ತಿದ್ದೆ, ಹಳ್ಳದ ಬಳಿ ನೆನಪಾಗಿ ವಾಪಸು ಬಂದರೆ ತೋಟ ದಾಟಿ ಹೋಗಿರುತ್ತಿದ್ದೆ. ಕತ್ತರಿ ಬಿಟ್ಟರೆ ನಾನು ಏನು? ಹಿಡಿದರೆ ಯಾರಿಗೆ? ಊರಿನವರು ಗೀಚುವುದನ್ನು ನಿಲ್ಲಿಸಿದ್ದರು, ಬರೆಯಲು ಜಾಗ ಮುಗಿದಿತ್ತು. ಎಲೆ ಹೇಗೋ ಜೀವ ಹಿಡಿದುಕೊಂಡಿತು. ದಿನಕ್ಕೊಂದು ಕಾಯಿ ಮಾತ್ರ ತಪ್ಪದೆ ಬೀಳುತ್ತಲೇ ಇತ್ತು.

ಕೊಯ್ಲಿನ ಬೆಳಿಗ್ಗೆ ಗಂಟೆ ಬಾರಿಸಿತು. ತಾಯಿಬಳ್ಳಿಯಲ್ಲಿ ನೂರ ಆರು ಗೊನೆ. ಒಂದೊಂದು ಕತ್ತರಿಸಿದಾಗಲೂ ಊರಿನುದ್ದಕ್ಕೂ ಬುಟ್ಟಿಗೆ ಬೀಳುವ ಸದ್ದು ಒಟ್ಟಿಗೆ ಕೇಳುತ್ತಿತ್ತು. ನೂರ ಐದು ಮುಗಿಯಿತು. ಕೊನೆಯದು ಆ ಗೊನೆ, ಹಲ್ಲು ಬಿದ್ದ ಬಾಯಿಯಂತೆ ಅಲ್ಲಲ್ಲಿ ಖಾಲಿ. ಊರು ಬುಟ್ಟಿ ಹಿಡಿದು ಕಾಯುತ್ತಿತ್ತು.

“ಹೂಂ, ಮಾಸ್ತರ,” ಎಂದರು ಈರಸಂಗಪ್ಪ.

ನಾನು ಕತ್ತರಿಯನ್ನು ಅವರ ಕೈಗೆ ಕೊಟ್ಟೆ. “ಇಲ್ಲಿಟ್ಟೀನ್ರಿ,” ಎಂದೆ.

ಅಧ್ಯಕ್ಷರು ಕತ್ತರಿ ಎತ್ತಿ ಗೊನೆಯ ತೊಟ್ಟಿಗೆ ಹಿಡಿದರು. ಅಲ್ಲಿಗೇ ನಿಂತರು. ಬಳ್ಳಿಗೆ ಯಾರೂ ಏನೂ ಮಾಡಬಾರದು. ಮಾಡುವವನು ಒಬ್ಬನೇ ಇರಬೇಕು. ಆ ಒಬ್ಬ ಈಗತಾನೆ ಇಲ್ಲವಾಗಿದ್ದ. ಕಾರ್ಯದರ್ಶಿ ಠರಾವಿನ ಪುಸ್ತಕ ತೆಗೆದು ನೋಡಿದ. ಹೊಸ ಮಾಸ್ತರನನ್ನು ನೇಮಿಸಲು ಸಭೆ ಕರೆಯಬೇಕು, ಸಭೆಗೆ ಇಪ್ಪತ್ತು ದಿನ ಮೊದಲು ನೋಟೀಸು ಕೊಡಬೇಕು. ಈರಸಂಗಪ್ಪ ತೋಳು ನೋಯುವತನಕ ಕತ್ತರಿ ಎತ್ತಿ ಹಿಡಿದಿದ್ದು, ಕೊನೆಗೆ ಇಳಿಸಿದರು. “ಇದೇನ್ ಠರಾವೋ, ಯಾ ಮಗ ಬರದಾನೋ,” ಎಂದರು. ಬರೆದದ್ದು ಅವರ ಅಪ್ಪ.

ಹೀಗೆ ಮುನ್ನೂರ ನಲವತ್ತು ಹಿತ್ತಲಲ್ಲಿ ಒಂದೊಂದು ಗೊನೆ ಉಳಿಯಿತು. ಮೊದಲ ವಾರ ಜನ ಅದನ್ನು ಬೈದರು. ಎರಡನೇ ವಾರ ಹಸಿರು ಇಳಿದು ಬೆಲ್ಲದ ನೀರಿನ ಬಣ್ಣ ಬಂತು, ಬೈಗುಳ ಮೆತ್ತಗಾಯಿತು. ಕಾಯಿ ಬೀಳುವುದೂ ನಿಂತಿತು. ಆಮೇಲೆ ವಾಸನೆ ಶುರುವಾಯಿತು. ಯಾರಾದರೂ ಆಸೆಗೆ ಕಿತ್ತರೆ ಎಲ್ಲರದೂ ಬೀಳುತ್ತದೆ, ಬೀಳುವಾಗ ಕೆಳಗೆ ತಾವಿರದಿದ್ದರೆ ಇರುವೆಯ ಪಾಲು. ಆದ್ದರಿಂದ ಹಗಲೆಲ್ಲ ಸರದಿಯ ಮೇಲೆ ಬುಟ್ಟಿ ಹಿಡಿದು ನಿಂತರು. ತಂಗೆವ್ವ ಬಳ್ಳಿಯ ಕೆಳಗೇ ಒಲೆ ಹೂಡಿ ರೊಟ್ಟಿ ಬಡಿದಳು.

“ಮಾಸ್ತರ, ಹಣ್ಣಾದದ್ದು ಹೆಂಗ ಗೊತ್ತಾಗತೈತಿ?” ಎಂದು ಗೋಡೆಯಾಚೆಯಿಂದ ಕೇಳಿದಳು.

“ನನಗೂ ಗೊತ್ತಿಲ್ಲವಾ.”

“ಅಯ್ಯ, ನೀವು ಮಾಸ್ತರ ಅಲ್ಲೇನು?”

“ಈಗ ಅಲ್ಲ.”

ಸಭೆಯ ಹಿಂದಿನ ದಿನ ಬೆಳಿಗ್ಗೆ ಏಳಕ್ಕೆ ಗೊನೆ ಬಿತ್ತು. ನನ್ನ ಬೊಗಸೆಗೇ ಬಿತ್ತು, ಬೆಚ್ಚಗಿತ್ತು. ಮೇಲಿನ ಎಲೆಯ ಹರಕಿನಲ್ಲಿ ದುಂಡಗಿನ ಅಕ್ಷರ ಎದ್ದಿತು: “ಹೆಂಗೈತಿ?”

ಸೂಜಿ ಹುಡುಕುವಷ್ಟರಲ್ಲಿ ಊರು ಉತ್ತರಿಸತೊಡಗಿತ್ತು. “ಜೇನು ಜೇನು,” “ನಮ್ಮದು ಗಟಾರಕ್ಕ ಬಿತ್ತು,” “ಬೀಜ ದಪ್ಪ ಐತಿ,” “ಬರುವ ವರ್ಷ ಎರಡು ಗೊನಿ ಬಿಡಬೇಕಂತ ಸಭ್ಯಾಗ ಇಡ್ರಿ,” “ಊಟಕ್ಕೋ, ಬರೇ ಚಾಕ್ಕೋ?” ಅಷ್ಟು ಸೂಜಿ ಒಟ್ಟಿಗೆ ಚುಚ್ಚಿದ್ದಕ್ಕೆ ಎಲೆ ಜರಡಿಯಾಗಿ, ತೊಟ್ಟು ಬಿಟ್ಟು, ನನ್ನ ಕಾಲ ಮೇಲೆ ಬಿತ್ತು. ನನಗೆ ಬರೆಯಲು ಜಾಗ ಉಳಿಯಲಿಲ್ಲ.

ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ. ಎಡಗಣ್ಣು ಮುಚ್ಚಲಿಲ್ಲ. ನಾಲಿಗೆ ತುದಿಯಲ್ಲಿ ಹುಳಿ ಬರುತ್ತದೆಂದು ಬಾಗಿಲು ತೆರೆದು ಕಾದರೆ, ಇನ್ನೇನೋ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಕೂತಿತ್ತು. ಎಷ್ಟು ಅಂಕ ಕೊಡಬೇಕೋ ತಿಳಿಯಲಿಲ್ಲ. ಇನ್ನೊಂದು ತಿಂದೆ. ಇನ್ನೂ ತಿಳಿಯಲಿಲ್ಲ. ಉಳಿದದ್ದನ್ನು ಪಂಚೆಯ ಚುಂಗಿಗೆ ಕಟ್ಟಿಕೊಂಡು ಹಳ್ಳದ ಕಡೆ ನಡೆದೆ. ದಾರಿಯಲ್ಲಿ ಒಂದೊಂದೇ ತಿನ್ನುತ್ತ ಹೋದವನು ಭಟ್ಟಿ ಮುಟ್ಟುವ ಹೊತ್ತಿಗೆ ಚುಂಗಿನಲ್ಲಿ ಬರೀ ತೊಟ್ಟು ಉಳಿಸಿಕೊಂಡಿದ್ದೆ.

ದುಂಡವ್ವ ಬಾಗಿಲಲ್ಲೇ ನಿಂತಿದ್ದಳು. ಮೊದಲು ನನ್ನ ಬಲಗಿವಿ ನೋಡಿದಳು, ಆಮೇಲೆ ಎಡಗಿವಿ. ಎರಡೂ ಖಾಲಿ. ಅವಳ ಹಿಂದೆ ತಟ್ಟೆಯಲ್ಲಿ ಅವಳ ಗೊನೆ ಇತ್ತು. ಅವಳು ಇನ್ನೂ ಒಂದನ್ನೂ ಮುಟ್ಟಿರಲಿಲ್ಲ.

“ಹೆಂಗಿತ್ತು?” ಎಂದಳು.

ಆರು ವರ್ಷ, ಅರವತ್ತು ಬಳ್ಳಿ, ಬಾಯಿಗಿಟ್ಟ ಕೂಡಲೇ ತೀರ್ಪು ಕೊಟ್ಟ ನಾಲಿಗೆ. ಅದನ್ನು ಬಾಯೊಳಗೆ ಆಚೀಚೆ ತಿರುಗಿಸಿದೆ.

“ಗೊತ್ತಾಗವಲ್ದು,” ಎಂದೆ. “ಇನ್ನೊಂದು ಕೊಟ್ಟು ನೋಡು.”

ದುಂಡವ್ವ ನನ್ನ ಮುಖವನ್ನೇ ನೋಡಿದಳು. ಕೈ ಮುಂದೆ ತಂದಳು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ಅವಳು ಬಾಗಿಲಿನಿಂದ ಸರಿದು ನಿಂತು, ತಟ್ಟೆಯಿದ್ದ ಕಡೆಗೆ ಕೈ ತೋರಿಸಿದಳು.